ಕಂಡಕ್ಟರ್ ರೂಪಶ್ರೀ ಮತ್ತು ಆಯಸ್ಕಾಂತದ ಕುರ್ಚಿ

ಅರಕಲಗೂಡು–ಹಾಸನ ಬಸ್ಸಿನ ಕಂಡಕ್ಟರ್ ರೂಪಶ್ರೀಗೆ ರಸ್ತೆಯ ಗುಂಡಿಗಳೆಂದರೆ ಭಯ. ಎರಡನೆಯ ಹೆರಿಗೆಯಾದ ಮೇಲೆ ಬಸ್ಸು ಎತ್ತಿಹಾಕಿದಾಗಲೆಲ್ಲ ಮೂತ್ರ ಸೋರುತ್ತಿತ್ತು. ಡ್ಯೂಟಿಯಲ್ಲಿ ಅವಳು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಒಂದು ದಿನ ತುಂಬಿದ ಬಸ್ಸಿನಲ್ಲಿ ಸೀನಿದಾಗ ಖಾಕಿ ಒದ್ದೆಯಾಯಿತು. ಯಾರೋ ನಕ್ಕರು. ಆ ವಾರವೇ ರಜೆ ಹಾಕಿದಳು.

2007ರ ಮಾತು. ಹಾಸನದ ಖಾಸಗಿ ಕ್ಲಿನಿಕ್ಕೊಂದಕ್ಕೆ ಹೊಸ ಕುರ್ಚಿ ಬಂದಿತ್ತು. ಅದರೊಳಗಿನ ಆಯಸ್ಕಾಂತದ ಮಿಡಿತಕ್ಕೆ ಕೆಳಹೊಟ್ಟೆಯ ಬುಡದ ಸ್ನಾಯುಗಳು ಬಿಗಿಯಾಗಿ ಸೋರುವುದು ಕಡಿಮೆಯಾಗುತ್ತದಂತೆ. ರೂಪಶ್ರೀ ಅಲ್ಲಿಗೆ ಹೊರಟಾಗ ಅತ್ತೆ ಗುರುಸಿದ್ದಮ್ಮನೂ ಜೊತೆಗೆ ಬಂದರು. ಮೊಮ್ಮಕ್ಕಳಿಬ್ಬರೂ ಹೆಣ್ಣು, ಸೊಸೆ ಗುಣವಾದರೆ ಇನ್ನೊಂದು ಗಂಡಾಗಲಿ ಎಂಬ ಆಸೆ ಅವರದು.

ಥೆರಪಿಸ್ಟ್ ಶ್ರೀಗೌರಿ ವಾಚು, ಬಳೆ, ಸರ, ಮೊಬೈಲು ಎಲ್ಲ ತೆಗೆಸಿದಳು. "ಎದೆಗೆ ಮಿಷನ್ ಹಾಕ್ಸಿದ್ದೀರಾ? ಮೂಳೆಗೆ ರಾಡು? ಬಸುರಿ ಅಲ್ಲ ತಾನೆ? ಗರ್ಭಕ್ಕೆ ವಂಕಿ, ಕಾಪರ್-ಟಿ ಏನಾದ್ರೂ?"

ವಂಕಿ ಇತ್ತು. ಗಂಡ ಮಂಚಯ್ಯನಿಗೂ ಹೇಳದೆ ಹಾಕಿಸಿಕೊಂಡಿದ್ದಳು. ಅತ್ತೆ ಬಾಗಿಲ ಪಕ್ಕದ ಸ್ಟೂಲಿನಲ್ಲೇ ಕೂತಿದ್ದರು.

"ಇಲ್ಲ ಮೇಡಂ."

"ಸಣ್ಣಗೆ ಶುರು ಮಾಡ್ತೀನಿ. ಸೆಳೆದ ಹಾಗಾಗುತ್ತೆ. ನೋವಾದ್ರೆ ತಕ್ಷಣ ಹೇಳಿ."

ಶ್ರೀಗೌರಿಯ ಬೆರಳು ಗುಂಡಿಯತ್ತ ಹೋಯಿತು. ಕುರ್ಚಿಯಲ್ಲಿ ಕೂತಿದ್ದ ರೂಪಶ್ರೀ ಕೈ ಅಡ್ಡ ಹಿಡಿದಳು.

"ಮೇಡಂ, ವಂಕಿ ಇದ್ರೆ ಏನಾಯ್ತದೆ?"

"ಅದ್ರಲ್ಲಿ ತಾಮ್ರ ಇರುತ್ತೆ. ಬಿಸಿಯಾಗ್ಬಹುದು, ಜರುಗ್ಬಹುದು. ಯಾಕೆ?"

"ನಿಲ್ಸಿ. ಐತೆ."

ಗುರುಸಿದ್ದಮ್ಮ ತಲೆಯೆತ್ತಿದರು. "ಏನವ್ವಾ ಐತೆ?"

"ವಂಕಿ ಹಾಕಿಸ್ಕಂಡಿವ್ನಿ ಕಣತ್ತೆ. ಇನ್ನೊಂದು ಹೆರಾಕೆ ನನ್ ಕೈಲಾಗಕಿಲ್ಲ."

ಅತ್ತೆ ಎದ್ದು ಹೊರಗೆ ಹೋದರು. ವಾಪಸು ಬರುವಾಗ ಬಸ್ಸಿನಲ್ಲಿ ಬೇರೆ ಸೀಟು ಹಿಡಿದರು. ಮನೆಯಲ್ಲಿ ವಿಷಯ ತಿಳಿದು ಮಂಚಯ್ಯ ಕೂಗಾಡಿ ತಟ್ಟೆ ತಳ್ಳಿದ. ರೂಪಶ್ರೀ ಗೋಡೆಗೊರಗಿ ನಿಂತಳು. ಆಗ ಒಳಗಿನಿಂದ ಗುರುಸಿದ್ದಮ್ಮನ ದನಿ ಬಂತು: "ಸುಮ್ಕಿರ್ಲಾ. ಬಸ್ಸಲ್ಲಿ ಮಾನ ಕಳ್ಕಣೋಳು ಅವ್ಳು, ನೀನಲ್ಲ."

ಹೆರಿಗೆ ಡಾಕ್ಟರು ವಂಕಿ ತೆಗೆದು ಬದಲಿಗೆ ಗರ್ಭನಿರೋಧಕ ಗುಳಿಗೆ ಬರೆದುಕೊಟ್ಟರು. ಅವರು ಒಪ್ಪಿದ ಮೇಲೇ ಕುರ್ಚಿ ಚಿಕಿತ್ಸೆ ಶುರುವಾಯಿತು. ಮೊದಲ ಸಲ ಕೂತು ಬಂದಾಗ ತೊಡೆಸಂದು ಹಿಡಿದುಕೊಂಡು ನೋಯಿತು. ಒಂದೆರಡು ದಿನಕ್ಕೆ ಇಳಿಯುತ್ತದೆ, ಜಾಸ್ತಿಯಾದರೆ ಇಲ್ಲವೇ ರಕ್ತ ಕಂಡರೆ ಕಾಯದೆ ಬನ್ನಿ ಎಂದಿದ್ದಳು ಶ್ರೀಗೌರಿ. ಭಾರ ಎತ್ತಬೇಡಿ, ಮನೆಯಲ್ಲೂ ಸ್ನಾಯು ಬಿಗಿಹಿಡಿದು ಬಿಡುವುದನ್ನು ತಪ್ಪಿಸಬೇಡಿ ಎಂದೂ ಹೇಳಿದ್ದಳು. ಬೆಳಿಗ್ಗೆ ರೂಪಶ್ರೀ ಬಿಂದಿಗೆಗೆ ಬಗ್ಗಿದಾಗ ಅತ್ತೆ ಅದನ್ನು ಕಿತ್ತುಕೊಂಡು ಬೋರ್‌ವೆಲ್ಲಿಗೆ ನಡೆದರು.

ಚಿಕಿತ್ಸೆ ಮುಗಿಯುವ ಹೊತ್ತಿಗೆ ಸೋರುವುದು ಬಹಳ ಕಡಿಮೆಯಾಗಿತ್ತು, ಪೂರ್ತಿ ನಿಂತಿರಲಿಲ್ಲ. ಮಂಚಯ್ಯ ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ. ರೂಪಶ್ರೀ ಡ್ಯೂಟಿಗೆ ಹೊರಟಳು.