ಸೀಗೆಕಾಯಿ ಮತ್ತು ಪೆಂಟಿಟೊ

ಪೆಂಟಿಟೊ ಎಂಬ ಮಾತು ನನಗೆ ಸಿಕ್ಕಿದ್ದು ಬೀದರಿನ ಕಾಲೇಜಿನ ಗ್ರಂಥಾಲಯದಲ್ಲಿ, ಇಟಲಿಯ ಮಾಫಿಯಾ ಬಗ್ಗೆ ಬಂದ ಲೇಖನವೊಂದರಲ್ಲಿ. ಪಶ್ಚಾತ್ತಾಪಪಟ್ಟವನು ಎಂದು ಅದರ ಅರ್ಥವಂತೆ. ಗ್ಯಾಂಗಿನಲ್ಲಿದ್ದವನೇ ಪೊಲೀಸರ ಕಡೆ ಸೇರಿ ಜೊತೆಗಾರರ ಗುಟ್ಟೆಲ್ಲ ಹೇಳಿಬಿಟ್ಟರೆ ಅವನನ್ನು ಹಾಗೆ ಕರೆಯುತ್ತಾರೆ. ಹಾಸ್ಟೆಲಿಗೆ ಬಂದವಳೇ ನನ್ನ ಇಬ್ಬರು ಗೆಳತಿಯರಿಗೆ ಹೇಳಿದೆ. ಒಬ್ಬಳು ಭಾಲ್ಕಿಯವಳು, ಇನ್ನೊಬ್ಬಳು ಔರಾದಿನವಳು.

"ನಮ್ಮೊಳಗ ಯಾರರೆ ಪೆಂಟಿಟೊ ಆದ್ರ ಜಡಿ ಕತ್ತರಸ್ತೇನಿ" ಎಂದಳು ಭಾಲ್ಕಿಯವಳು.

ಅದು ಬರದ ವರ್ಷ. ಮೂವರ ಮನೆಯವರೂ ಕೆಲಸ ಹುಡುಕಿ ಪುಣೆ, ಹೈದರಾಬಾದಿಗೆ ಹೋಗಿದ್ದರು. ಊರ ಮನೆಗಳಿಗೆ ಬೀಗ. ಹೀಗಾಗಿ ರಜೆಯಲ್ಲೂ ನಾವು ಹಾಸ್ಟೆಲಿನಲ್ಲೇ. ಟ್ಯಾಂಕರ್ ಮೂರು ದಿನಕ್ಕೊಮ್ಮೆ, ಒಬ್ಬೊಬ್ಬರಿಗೆ ಒಂದೇ ಬಕೆಟ್. ತಲೆಗೆ ನೀರು ಹಾಕಿಕೊಂಡು ತಿಂಗಳಾಗಿತ್ತು.

ಅಡುಗೆಮನೆಯ ಹಿಂದಿನ ಕುಡಿಯುವ ನೀರಿನ ಡ್ರಮ್ಮಿಗೆ ವಾರ್ಡನ್ ಬೀಗ ಹಾಕಿದ್ದರು. ಒಂದು ಮಧ್ಯಾಹ್ನ ಅವರು ಮಲಗಿದ್ದಾಗ ಔರಾದಿನವಳು ಹೇರ್‌ಪಿನ್ನಿನಿಂದ ಆ ಬೀಗ ತೆಗೆದಳು. ಮೂವರೂ ಸೀಗೆಕಾಯಿ ಹಚ್ಚಿ ತಲೆ ತೊಳೆದುಕೊಂಡೆವು. ತಣ್ಣೀರು ಬೆನ್ನ ಮೇಲಿಳಿದಾಗ ಉಕ್ಕಿದ ನಗು ತಡೆಯಲು ಬಾಯಿಗೆ ಟವೆಲ್ ತುರುಕಿಕೊಳ್ಳಬೇಕಾಯಿತು.

ಸಂಜೆ ವಾರ್ಡನ್ ತಮ್ಮ ಕೋಣೆಗೆ ಕರೆಸಿದರು.

"ಡ್ರಮ್ಮಿನ ನೀರು ಯಾರು ತಗೊಂಡ್ರಿ?"

ಗೆಳತಿಯರು ನೆಲ ನೋಡಿದರು. ನನ್ನ ಬಾಯಿ ತಾನೇ ತೆರೆದುಕೊಂಡಿತು.

"ನಾವ ರೀ ಮೇಡಂ. ಬೀಗ ತೆಗದಾಕಿ ಇಕಿ, ಬಕೆಟ್ ಹೊತ್ತಾಕಿ ಅಕಿ, ಸೀಗಿಕಾಯಿ ನಂದು."

ಅಷ್ಟಕ್ಕೇ ನಿಲ್ಲಲಿಲ್ಲ. ಖಾಲಿಯಾದ ಉಪ್ಪಿನಕಾಯಿ ಭರಣಿ, ಹಿತ್ತಲಿನ ಪೇರಲ, ಹಾಜರಿಯ ಹೊತ್ತಿಗೆ ಗಡಿಯಾರ ಹಿಂದೆ ತಿರುಗಿಸಿದ್ದು, ಕೇಳದೇ ಇದ್ದದ್ದನ್ನೂ ಹೇಳಿಬಿಟ್ಟೆ. ಹೇಳಿದಷ್ಟೂ ಮೈ ಹಗುರಾಗುತ್ತಿತ್ತು.

"ಯವ್ವಾ, ಪೆಂಟಿಟೊ!" ಎಂದು ಭಾಲ್ಕಿಯವಳು ಚೀರಿದಳು.

"ಅದ್ಯಾವ ಬೈಗುಳ?" ಎಂದರು ವಾರ್ಡನ್.

ಅರ್ಥ ಬಿಡಿಸಿ ಹೇಳಿದೆ. ಅವರು ಎದ್ದು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದರು.

"ಹಂಗಾದ್ರ ನಾನೂ ಅದೇ. ಹ್ವಾದ ಶುಕ್ರವಾರ ನಾನೂ ಆ ಡ್ರಮ್ಮಿನ ನೀರಾಗ ತಲಿ ತೊಳಕೊಂಡೇನಿ. ಅಡಗಿ ಅಕ್ಕನೂ ಕೂಡಿದ್ಲು."

ಬಾಗಿಲಾಚೆಯಿಂದ ಅಡುಗೆಯಾಕೆಯ ಕೂಗು ಬಂತು: "ನನ್ನ ಹೆಸರು ಯಾಕ ಹೇಳಿದ್ರಿ ಮೇಡಂ!"

ವಾರ್ಡನ್ ಮೊದಲು ನಕ್ಕರು. ಆಮೇಲೆ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತೆವು.

ಶಿಕ್ಷೆ ಮಾತ್ರ ತಪ್ಪಲಿಲ್ಲ. ಆ ತಿಂಗಳೆಲ್ಲ ಟ್ಯಾಂಕರಿನ ಪೈಪ್ ಹಿಡಿಯುವ ಕೆಲಸ ನಮ್ಮದಾಯಿತು. ಪೈಪ್ ಜಾರಿ ಅಡಿಯಿಂದ ಮುಡಿಯವರೆಗೆ ತೊಯ್ದಾಗಲೆಲ್ಲ ಔರಾದಿನವಳು, "ಮೇಡಂ, ಇದು ಕಳವಲ್ಲ ನೋಡ್ರಿ!" ಎಂದು ಅಂಗಳದ ತುಂಬ ಕುಣಿಯುತ್ತಿದ್ದಳು.