ಅಸಲಿ ಕಾರ್ಡು ಯಾರ ಹತ್ತಿರ

ಕೇಳದೆ ಕೊಟ್ಟ ಬಟ್ಟೆಯನ್ನು ಮೊದಲು ಬೆಳಕಿಗೆ ಹಿಡಿದು ನೋಡಬೇಕು. ತಲೆಯ ಮೇಲೆ ಸೀರೆಯ ಗಂಟು ಹೊತ್ತು ಆಜರಾ ಕಡೆಯ ಹಳ್ಳಿಗಳನ್ನು ತಿರುಗಿ, ಕಡೆಗೆ ಗಡಹಿಂಗ್ಲಜದಲ್ಲಿ ಸ್ವಂತ ಅಂಗಡಿ ಹಾಕಿದವಳು ನಾನು. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಇಚಲಕರಂಜಿಯ ನನ್ನ ಗೆಳತಿಯನ್ನು ಪಕ್ಷವೊಂದು ತಾನಾಗಿಯೇ ಕರೆದು ಟಿಕೆಟ್ ಕೊಡುತ್ತಿದೆ ಎಂದಾಗ, ಸಂತೋಷಕ್ಕಿಂತ ಮೊದಲು ಬಂದದ್ದು ಅನುಮಾನ.

ಅವಳು ನನ್ನ ಅಂಗಡಿಗೆ ಲಂಗ ಹೊಲಿದುಕೊಡುವವಳು. ಹುಟ್ಟಿದಾಗ ಮನೆಯವರು ಗಂಡು ಎಂದು ಹೆಸರಿಟ್ಟಿದ್ದರು. ಹರೆಯಕ್ಕೆ ಬಂದಾಗಿನಿಂದ ಅವಳು ಹೆಣ್ಣಾಗಿಯೇ ಬದುಕಿದ್ದಾಳೆ. ಸರಕಾರ ಕೊಟ್ಟ ಗುರುತಿನ ಕಾರ್ಡಿನಲ್ಲೂ ಹಾಗೆಯೇ ಇದೆ. ಓಣಿಯ ನೀರಿನ ಸರದಿ, ರೇಷನ್ನು, ಮಗ್ಗದ ಹೆಂಗಸರ ಪಗಾರದ ತಕರಾರು, ಎಲ್ಲದಕ್ಕೂ ಅವಳೇ ಓಡಾಡುತ್ತಿದ್ದಳು. ವಾರ್ಡು ಮಹಿಳೆಯರಿಗೆ ಮೀಸಲಾದಾಗ ನಿಲ್ಲಬೇಕೆಂಬ ಆಸೆ ಅವಳಿಗೆ ಹುಟ್ಟಿದ್ದು ಸಹಜ.

ಟಿಕೆಟ್ ತರಲು ಇಬ್ಬರೂ ಕೊಲ್ಹಾಪುರಕ್ಕೆ ಹೋದೆವು. ಪಕ್ಷದ ನಾಯಕರು ಅವಳಿಗೆ ಹಾರ ಹಾಕಿದರು, ಫೋಟೊ ತೆಗೆಸಿದರು, ಆಮೇಲೆ ಕೈ ಚಾಚಿದರು.

"ಕಾರ್ಡ ನಮ್ಮ ಕಡೆ ಇರ್ಲಿ ತಾಯಿ. ನಮ್ಮ ವಕೀಲ್ರು ಎಲ್ಲಾ ನೋಡ್ಕೋತಾರ. ಕಾಳಜಿ ಕರೂ ನಕಾ, ಚಿಂತಿ ಬಿಡ್ರಿ."

"ಅಸಲಿ ಕೊಡೂದಿಲ್ರಿ ಸಾಹೇಬ್ರ," ಎಂದೆ ನಾನು. "ಝೆರಾಕ್ಸ್ ಎಷ್ಟ ಬೇಕೋ ಅಷ್ಟ ತಗೋರಿ."

"ನೀವ್ಯಾರ್ರಿ? ಇವರ ವಕೀಲ್ರೇನು?"

"ವಕೀಲ್ ಆಗಿದ್ರ ಫೀ ತಗೋತಿದ್ನಿರಿ."

ಅವರು ನಕ್ಕು ಕೈ ಹಿಂತೆಗೆದುಕೊಂಡರು. ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದೇ ನನಗೆ ಸೇರಲಿಲ್ಲ. ಹೊರಗೆ ಬಂದಾಗ ಕಾರಣ ಸಿಕ್ಕಿತು: ಅದೇ ವಾರ್ಡಿಗೆ ನಾಯಕರ ನಾದಿನಿ 'ಡಮ್ಮಿ' ಅರ್ಜಿ ತುಂಬುತ್ತಾ ಕೂತಿದ್ದಳು. ಮೊದಲಿನವರ ಅರ್ಜಿ ತಿರಸ್ಕಾರವಾದರೆ ಟಿಕೆಟ್ ಡಮ್ಮಿಗೆ ಹೋಗುತ್ತದೆ. ಅಂದರೆ ಫೋಟೊ ನಮ್ಮವಳದು, ಸೀಟು ಅವರ ಮನೆಯದು.

ವಾಪಸು ಬಸ್ಸಿನಲ್ಲಿ ಅವಳಿಗೆ ಬುದ್ಧಿ ಹೇಳಿದೆ. "ನಿನ್ನ ಮನಿ ಊರಿಗೆಲ್ಲಾ ಗೊತ್ತೈತಿ. ಕಾರ್ಡ ಕಳದ್ರ ಮುಗೀತು. ನನ್ನ ತಿಜೋರ್ಯಾಗ ಇಡು."

ಅವಳು ಕಿಟಕಿಯ ಕಡೆ ನೋಡುತ್ತಾ, "ಹೌದ್ರಿ ಅಕ್ಕಾ, ತಂದ ಕೊಡ್ತೀನಿ," ಎಂದಳು. ಎರಡು ದಿನ ಬಿಟ್ಟು ಲಂಗದ ಗಂಟಿನ ಜೊತೆ ತಂದುಕೊಟ್ಟಳು. ನಾನು ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಅರ್ಜಿ ಪರಿಶೀಲನೆಯ ದಿನ ಇಚಲಕರಂಜಿಗೆ ಬರಿಗೈಯಲ್ಲಿ ಹೋದೆ. ದೃಢೀಕರಿಸಿದ ಪ್ರತಿ ಅರ್ಜಿಯ ಜೊತೆಗೇ ಇತ್ತು. ಕಳ್ಳರ ಸಂತೆಗೆ ಅಸಲಿ ಯಾಕೆ ಒಯ್ಯಬೇಕು ಎಂಬುದು ನನ್ನ ಲೆಕ್ಕ. ವ್ಯಾಪಾರದವರ ಚಾಳಿ ಇದು, ಯಾವ ಮೂಲ ಕಾಗದವನ್ನೂ ಪೇಟೆಗೆ ತರುವುದಿಲ್ಲ.

ಅವಳ ಸರದಿ ಬಂತು. ಪಕ್ಷೇತರ ಅಭ್ಯರ್ಥಿಯೊಬ್ಬಳ ಸೂಚಕ ಎದ್ದು ನಿಂತ. "ಇದು ಮಹಿಳಾ ಜಾಗಾರಿ ಸಾಹೇಬ್ರ. ಇವರು ಹೆಣ್ಣಂತ ಯಾರ ಹೇಳ್ಯಾರ? ಅಸಲಿ ತೋರಸ್ಲಿ."

ನಾನು ಪಕ್ಷದ ವಕೀಲರ ಮುಖ ನೋಡಿದೆ. ಅವರು ಮೊಬೈಲು ಒರೆಸುತ್ತಿದ್ದರು. ಹಿಂದಿನ ಕುರ್ಚಿಯಲ್ಲಿ ನಾದಿನಿ ಸೆರಗು ಸರಿಪಡಿಸಿಕೊಂಡಳು. ಅಧಿಕಾರಿ ಗಡಿಯಾರ ನೋಡಿ, ಒಂದು ತಾಸಿನೊಳಗೆ ಮೂಲ ಕಾರ್ಡು ತೋರಿಸಬೇಕು, ಇಲ್ಲವಾದರೆ ಅರ್ಜಿ ತಿರಸ್ಕಾರ ಎಂದರು. ಗಡಹಿಂಗ್ಲಜಕ್ಕೆ ಹೋಗಿಬರಲು ಮೂರು ತಾಸಾದರೂ ಬೇಕು. ಸೊಂಟದ ಕೀಲಿ ಚುಚ್ಚತೊಡಗಿತು. ನಾಯಕರು ಕೇಳಿದಾಗ ತಪ್ಪಿಸಿ ಉಳಿಸಿದ ಕಾರ್ಡನ್ನು ನಾನೇ ಕೈಗೆ ಸಿಗದ ಹಾಗೆ ಇಟ್ಟಿದ್ದೆ.

"ತಪ್ಪಾತವ್ವಾ," ಎಂದೆ ಅವಳ ಕಿವಿಯಲ್ಲಿ.

ಅವಳು ಕುಪ್ಪಸದೊಳಗಿನ ಪ್ಲಾಸ್ಟಿಕ್ ಚೀಲದಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಅಧಿಕಾರಿ ತಿರುವಿ ನೋಡಿದರು, ಕಂಪ್ಯೂಟರಿನಲ್ಲಿ ತಾಳೆ ನೋಡಿದರು, ಅರ್ಜಿ ಊರ್ಜಿತ ಎಂದರು. ವಕೀಲರು ಎಲ್ಲರಿಗಿಂತ ಮೊದಲು ಅಭಿನಂದನೆ ಹೇಳಿದರು.

ಹೊರಗೆ ಬಂದ ಮೇಲೆ ಕೇಳಿದೆ, "ಹಂಗಾರ ನನ್ನ ತಿಜೋರ್ಯಾಗಿರೂದು?"

"ಕಲರ್ ಝೆರಾಕ್ಸ್ ರೀ ಅಕ್ಕಾ. ಲ್ಯಾಮಿನೇಶನ್ ಮಾಡಿಸಿದ್ನಿ."

"ನನ್ನ ಮ್ಯಾಲೂ ನಂಬಿಕಿ ಇಲ್ಲೇನ?"

"ನೀವ ಕಲಿಸಿದ್ರಲ್ರಿ, ಅಸಲಿ ಯಾರಿಗೂ ಕೊಡಬ್ಯಾಡಂತ. ನೀವೂ ಕೇಳಿದ್ರಿ."

ನೂಲನ್ನು ಮುಟ್ಟಿಯೇ ಯಾವ ಮಗ್ಗದ್ದೆಂದು ಹೇಳುವವಳು ನಾನು. ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿರಲಿಲ್ಲ. ಸಿಟ್ಟು ಬಂದರೂ ಇನ್ನೊಂದು ಮಾತು ಹೇಳದೆ ಇರಲಾಗಲಿಲ್ಲ: ಅರ್ಜಿ ಹಿಂತೆಗೆಯುವ ಗಡುವು ಇನ್ನೂ ಮುಗಿದಿಲ್ಲ, ಅದಕ್ಕೆ ಸಹಿ ಹಾಕಿಸಲು ನಾಯಕರ ಕಡೆಯವರು ಬಂದೇ ಬರುತ್ತಾರೆ, ಅಲ್ಲಿಯವರೆಗೆ ಮನೆಯಲ್ಲಿರಬೇಡ. ನಮ್ಮಲ್ಲಿಗೆ ಬಾ ಎಂದೆ.

"ಜಾಗಾ ನೋಡ್ಕೊಂಡೇನ್ರಿ," ಎಂದಳು.

"ಎಲ್ಲಿ?"

"ಅದನ್ನ ಕೇಳಬ್ಯಾಡ್ರಿ ಅಕ್ಕಾ."

ಒಬ್ಬಳೇ ಬಸ್ಸು ಹತ್ತಿದೆ. ಕಾಗಲ ದಾಟುವಾಗ ನಾಯಕರ ಫೋನು ಬಂತು. "ನಮ್ಮ ತಾಯಿ ಎಲ್ಲಿ ಅದಾರ್ರಿ? ಪ್ರಚಾರದ ಮಾತ ಆಡೂದಿತ್ತು."

"ಖರೇನ ಗೊತ್ತಿಲ್ರಿ," ಎಂದೆ. ಅವರು ನಂಬಲಿಲ್ಲ. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಒಂದು ಎಳೆ ಸುಳ್ಳೂ ಬೆರೆಸದೆ ಹೇಳಿದ ಮಾತು ಅದೊಂದೇ ಇರಬೇಕು.