ಟಿವಿಯಲ್ಲಿ ಕಂಡ ಅತ್ತೆಯ ರಕ್ತ

ನಾನು ಹಳಿಯಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಜೀವಕೋಶದ ಪಾಠ ಮಾಡಿ ಮಾಡಿ ಅದರ ಚಿತ್ರವನ್ನು ಕಣ್ಣು ಮುಚ್ಚಿಕೊಂಡೂ ಬೋರ್ಡಿನ ಮೇಲೆ ಬರೆಯಬಲ್ಲೆ. ಅಂಥವಳು, ನನ್ನ ಅತ್ತೆಗೆ ರಕ್ತ ಎಂದರೇನು ಎಂದು ತಿಳಿಸಿ ಹೇಳಲಾಗದೆ ಒಂದು ಮಳೆಗಾಲವಿಡೀ ಹಲ್ಲು ಕಡಿಯುತ್ತ ಓಡಾಡಿದೆ. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಅತ್ತೆಗೆ ಆಗ ವಿಪರೀತ ಸುಸ್ತು. ಹಿತ್ತಲಿನಿಂದ ಒಂದು ಕೊಡ ನೀರು ತಂದರೆ ಸಾಕು, ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಿದ್ದರು. ಅಕ್ಕಿ ಆರಿಸಲು ಕೂತರೆ ಹಸಿ ಅಕ್ಕಿಯನ್ನೇ ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತ್ತು. ಮೈಯಲ್ಲಿ ರಕ್ತ ಕಡಿಮೆಯಾಗಿದೆ ಎಂದು ನನಗೆ ಅನುಮಾನ. ಆಸ್ಪತ್ರೆಗೆ ಹೋಗೋಣ ಎಂದರೆ ಇವತ್ತು ಸೋಮವಾರ, ಉಪವಾಸ. ನಾಳೆ ಮನೆಗೆ ಯಾರೋ ಬರುವವರಿದ್ದಾರೆ. ಹೀಗೇ ದಿನ ತಳ್ಳಿದರು.

ಅಷ್ಟರಲ್ಲಿ ಓಣಿಯ ಹೆಂಗಸರು ಅವರನ್ನು ದಾಂಡೇಲಿಗೆ ಕರೆದುಕೊಂಡು ಹೋಗಿದ್ದರು. ಬಂಗೂರನಗರದ ಒಂದು ಮನೆಯಲ್ಲಿ ಆಹಾರದಿಂದಲೇ ಎಲ್ಲ ಕಾಯಿಲೆ ಗುಣಪಡಿಸುತ್ತೇನೆ ಎನ್ನುವ ಹೆಣ್ಣುಮಗಳು ಸೂಕ್ಷ್ಮದರ್ಶಕ ಇಟ್ಟುಕೊಂಡಿದ್ದಳಂತೆ. ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಹಾಕಿ, ಅದನ್ನು ದೊಡ್ಡ ಟಿವಿಯಲ್ಲಿ ತೋರಿಸುವುದು ಅವಳ ಕೆಲಸ. ಸಂಜೆ ನಾನು ಶಾಲೆಯಿಂದ ಬಂದಾಗ ಅತ್ತೆ ಒಂದು ಪುಡಿಯ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದರು. ಕಣಗಳು ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು ಅಂಟಿಕೊಂಡಿವೆ, ರಕ್ತ ಹುಳಿಯಾಗಿದೆ, ಚಹಾ ಬಿಡಬೇಕು, ಅನ್ನ ಬಿಡಬೇಕು, ಬೀಟ್‌ರೂಟ್ ರಸ ಕುಡಿಯಬೇಕು ಎಂದಿದ್ದಳಂತೆ ಆಕೆ.

ಹನಿ ದಪ್ಪಗಿದ್ದರೆ, ಒಣಗತೊಡಗಿದರೆ ಯಾರ ಕಣಗಳಾದರೂ ಹಾಗೆ ಅಂಟಿಕೊಳ್ಳುತ್ತವೆ, ಮೈಯಲ್ಲಿ ರಕ್ತ ಎಷ್ಟಿದೆ ಎನ್ನುವುದು ಆ ಟಿವಿಯಲ್ಲಿ ಕಾಣುವುದಿಲ್ಲ ಎಂದು ನಾನು ಹೇಳಿದೆ. ಅತ್ತೆ ಚಹಾ ಸೋಸುತ್ತಲೇ ಕೇಳಿಸಿಕೊಂಡರು. ಆ ಹೆಣ್ಣುಮಗಳ ಪಥ್ಯವೆಲ್ಲ ಅಲ್ಲಿಗೇ ಮುಗಿದಿತ್ತು, ಪುಡಿಯ ಡಬ್ಬಿಯನ್ನೂ ಅವರು ತೆರೆಯಲಿಲ್ಲ. ಆದರೆ ಅವರ ತಲೆಯೊಳಗೆ ಹೊಕ್ಕದ್ದು ಬೇರೆಯೇ.

"ಒಂದ ಹನಿಯೊಳಗ ಎಷ್ಟ ಜೀವ ಓಡಾಡತಿದ್ವು ಗೊತ್ತೈತೇನವಾ? ಗಿಜಿಗಿಜಿ ಅಂತಿದ್ವು. ನಾ ನೋಡಿಕೋತ ಕುಂತಾಗನ ಒಂದೊಂದ ನಿಂತ ಬಿಟ್ವು. ನನ್ನ ಕಣ್ಣ ಮುಂದನ ಸತ್ತ ಹೋದ್ವು."

ನಾನು ನಕ್ಕುಬಿಟ್ಟೆ. ನಗಬೇಕಾದ ವಿಷಯ ಅದಲ್ಲ ಎಂದು ತಿಳಿದದ್ದು ಆಸ್ಪತ್ರೆಯಲ್ಲಿ.

ರಜೆ ಹಾಕಿ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಕಣ್ಣುರೆಪ್ಪೆ ಎಳೆದು ನೋಡಿ, ಇವತ್ತೇ ರಕ್ತ ಪರೀಕ್ಷೆ ಮಾಡಿಸಿ, ತಡ ಮಾಡಿದರೆ ಹೃದಯಕ್ಕೆ ಅಪಾಯ ಎಂದರು. ಲ್ಯಾಬಿನ ಹುಡುಗಿ ತೋಳಿಗೆ ರಬ್ಬರ್ ಬಿಗಿದು ಸಿರಿಂಜ್ ತೆಗೆದಳು. ಅತ್ತೆ ಸಿರಿಂಜನ್ನೇ ನೋಡಿದರು.

"ಇಷ್ಟ ತಗೊಂಡ ಏನ ಮಾಡ್ತಿ ತಂಗಿ?"

"ಪರೀಕ್ಷಾ ಮಾಡಿ ಚೆಲ್ತೇವ್ರಿ ಅಜ್ಜಿ."

ಅತ್ತೆ ಕೈ ಹಿಂದಕ್ಕೆಳೆದುಕೊಂಡು ಎದ್ದೇಬಿಟ್ಟರು. "ಇರಿವಿ ಸಾಲ ಕಂಡ್ರ ಸುತ್ತಿ ಹೋಗೂ ಮಂದಿ ನಾವು. ಸಿರಿಂಜ್ ತುಂಬ ಜೀವ ಕೊಟ್ಟು ಚೆಲ್ಲಸೂದು ನನ್ನ ಕೈಲಿ ಆಗೂದಿಲ್ಲ."

ಎರಡು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ, ಸಕ್ಕರೆ ಕಾಯಿಲೆ ಇದೆಯೇ ಎಂದು ನೋಡಲು ಇದೇ ಕೈ ಚಾಚಿದವರು ಇವರು. ಆಗ ಅದು ಬರೀ ರಕ್ತವಾಗಿತ್ತು. ಆ ಟಿವಿಯವಳು ಅದನ್ನು ಜೀವಗಳ ಸಂಸಾರ ಮಾಡಿ ಕಳಿಸಿದ್ದಳು.

ಮನೆಯಲ್ಲಿ ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಅವು ಹುಳವಲ್ಲ ಅತ್ತಿ, ಕಣ, ಅವಕ್ಕೆ ನೋವಿಲ್ಲ, ಬುದ್ಧಿಯಿಲ್ಲ ಎಂದೆ. ಮತ್ತೆ ಓಡಾಡುತ್ತಿದ್ದವಲ್ಲ ಎಂದರು. ದಿನವೂ ಮೈಯೊಳಗೇ ಕೋಟಿ ಕೋಟಿ ಕಣಗಳು ತಾವಾಗಿಯೇ ಸಾಯುತ್ತವೆ, ಹೊಸವು ಹುಟ್ಟುತ್ತವೆ ಎಂದೆ. ಅತ್ತೆ ನನ್ನನ್ನು ಕನಿಕರದಿಂದ ನೋಡಿದರು.

"ಸಾಯೂದು ಬ್ಯಾರೆ, ಕೊಲ್ಲೂದು ಬ್ಯಾರೆ. ನೀ ಮಕ್ಕಳಿಗೆ ಇದನ್ನ ಕಲಸ್ತಿಯೇನು?"

ಶಾಲೆಯ ಸೂಕ್ಷ್ಮದರ್ಶಕ ತರೋಣ ಎಂದುಕೊಂಡೆ. ಅದರಲ್ಲೂ ಒಂದಿಷ್ಟು ಓಡಾಡಿದರೆ ನನ್ನ ಗತಿಯೇನು ಎಂದು ಸುಮ್ಮನಾದೆ. ನನ್ನ ಗಂಡನೋ, ತಾಯಿಯ ಮಾತಿಗೆ ತಲೆಯಾಡಿಸುತ್ತ, ನನ್ನ ಮಾತಿಗೂ ತಲೆಯಾಡಿಸುತ್ತ, ಅಡ್ಡಗೋಡೆಯ ಮೇಲೆ ದೀಪವಿಟ್ಟು ಕೂತರು.

ಒಂದು ದಿನ ಬೆಳಿಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ ಏಳಲು ಹೋಗಿ, ಏಳಲಾಗದೆ ಅಲ್ಲೇ ಗೋಡೆಗೆ ಒರಗಿದರು. ಹಣೆಯ ವಿಭೂತಿಗೂ ಮುಖಕ್ಕೂ ಬಣ್ಣದಲ್ಲಿ ಫರಕು ಕಾಣಲಿಲ್ಲ. ನನಗೆ ಹೆದರಿಕೆಯಾಯಿತು, ಹೆದರಿಕೆಯಲ್ಲೇ ನಾಲಿಗೆ ಹರಿಬಿಟ್ಟೆ.

"ಚೆಲೋ ಆತು, ಕುಂಡ್ರಿ ಹಂಗ. ನೀವು ಹೋದ್ರ ಒಳಗಿದ್ದ ಅಷ್ಟೂ ಜೀವ ನಿಮ್ಮ ಜೋಡಿನ ಹೋಗ್ತಾವ. ಒಂದೂ ಉಳಿಯೂದಿಲ್ಲ. ಸಿರಿಂಜಿನಾಗ ಹೋಗೂವು ಎಷ್ಟು, ಇವು ಎಷ್ಟು? ಆ ಪಾಪ ಯಾರಿಗೆ ಸುತ್ತತೈತಿ, ನೀವ ಹೇಳ್ರಿ."

ಅತ್ತೆ ಎದೆಯ ಮೇಲಿನ ಲಿಂಗವನ್ನು ಮುಟ್ಟಿ ನೋಡಿಕೊಂಡರು. ಆಮೇಲೆ, "ಇದನ್ನ ಮೊದಲ ಹೇಳಬಾರದ? ಏನೇನೋ ಪಾಠಾ ಮಾಡ್ತಿ" ಎಂದು ನನ್ನ ಕೈ ಹಿಡಿದು ಸೀರೆ ಬದಲಿಸಲು ಎದ್ದರು. ನನ್ನ ಬಿ.ಎಸ್ಸಿ., ಬಿ.ಎಡ್. ಎರಡೂ ಸೋತಿದ್ದವು. ಗೆದ್ದದ್ದು ನಾನೇ ನಂಬದ ಮಾತು.

ವರದಿ ನೋಡಿ ಡಾಕ್ಟರು ನನಗೇ ಬೈದರು. ಮೂಲವ್ಯಾಧಿಯಿಂದ ತಿಂಗಳುಗಟ್ಟಲೆ ರಕ್ತ ಹೋಗುತ್ತಿದ್ದುದನ್ನು ಅವರು ಕೆದಕಿ ಕೇಳುವವರೆಗೆ ಅತ್ತೆ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಅಲ್ಲಿ ಹೋದ ಜೀವಗಳ ಬಗ್ಗೆ ಅವರಿಗೆ ಯಾವ ಕಳವಳವೂ ಇರಲಿಲ್ಲ! ಧಾರವಾಡಕ್ಕೆ ಕರೆದೊಯ್ದು ರಕ್ತ ಹಾಕಿಸಿದೆವು. ಮಲಗಿದ್ದಷ್ಟು ಹೊತ್ತೂ ಅತ್ತೆ ತೂಗುಹಾಕಿದ ಆ ಚೀಲವನ್ನೇ ನೋಡಿದರು. ಯಾರು ಕೊಟ್ಟದ್ದು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹೆಸರಿಲ್ಲದ ಆ ಪುಣ್ಯಾತ್ಮರಿಗೆ ಮಲಗಿದಲ್ಲಿಂದಲೇ ಕೈ ಮುಗಿದರು.

ಮೂಲವ್ಯಾಧಿಗೆ ಚಿಕಿತ್ಸೆಯಾಯಿತು. ದೀಪಾವಳಿಯ ಹೊತ್ತಿಗೆ ಅತ್ತೆ ಮತ್ತೆ ಕೊಡ ಎತ್ತುವಂತಾದರು, ಬೈಯುವಂತಾದರು. ಒಂದು ಭಾನುವಾರ ಚಹಾ ಕುಡಿಯುತ್ತ, "ನಡಿಯವಾ, ಬಂಗೂರನಗರಕ್ಕ ಹೋಗಿ ಬರೂಣು" ಎಂದರು.

"ಯಾಕ್ರಿ ಅತ್ತಿ?"

"ಆ ಹೊಸಾವು ನಮ್ಮವುಗಳ ಜೋಡಿ ಹೊಂದ್ಕೊಂಡಾವೋ ಇಲ್ಲೋ, ಟಿವಿಯೊಳಗ ಒಮ್ಮಿ ನೋಡಬೇಕು. ಚೀಲದಾಗ ಇದ್ದಾಗ ಒಂದೂ ಮಿಸುಕಲಿಲ್ಲ."

"ಹೊಂದ್ಕೊಂಡಾವ್ರಿ. ಅದಕ್ಕ ನೀವು ಹಿಂಗ ಕುಂತು ಮಾತಾಡಾಕತ್ತೀರಿ."

ಅತ್ತೆ ಬಟ್ಟಲು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀ ನೋಡೀಯೇನು?"